ನುಡಿಯ ಕಿಡಿ, ನಡೆಯ ದೀಪ

ಎಂಬತ್ತನಾಲ್ಕು ಲಕ್ಷ ಜೀವರಾಶಿಗಳಲ್ಲಿ ಭಗವಂತನು ಮಾತಿನ ವರವನ್ನು ಕರುಣಿಸಿದ್ದು ಮಾನವನಿಗೆ ಮಾತ್ರ. ಹಸು ಅಂಬಾ ಎನ್ನುತ್ತದೆ, ಹಕ್ಕಿ ಚಿಲಿಪಿಲಿ ಎನ್ನುತ್ತದೆ. ತಮ್ಮ ಹಸಿವನ್ನು, ಭಯವನ್ನು, ಕರುಳಿನ ಕರೆಯನ್ನು ಅವೂ ತಿಳಿಸಬಲ್ಲವು. ಆದರೆ ನಿನ್ನೆಯವರೆಗೆ ಇದ್ದ ಅನ್ಯಾಯವು ನಾಳೆ ಇರಕೂಡದು ಎಂದು ನುಡಿಯಬಲ್ಲವನು ಮನುಷ್ಯನೊಬ್ಬನೇ. ಆ ಒಂದು ನುಡಿಯೇ ಲೋಕದ ಎಲ್ಲ ಬದಲಾವಣೆಗಳ ಬೀಜ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಅದೇ ಮಾತು ಮನೆಯನ್ನು ಕಟ್ಟಿದ್ದೂ ಉಂಟು, ನಾಡನ್ನು ಎಬ್ಬಿಸಿದ್ದೂ ಉಂಟು, ಸಿಂಹಾಸನವನ್ನು ಅಲುಗಿಸಿದ್ದೂ ಉಂಟು. ಒಬ್ಬರು ಗಂಟೆಗಟ್ಟಲೆ ಉಪನ್ಯಾಸ ಮಾಡಿದರೂ ಕೇಳಿದವರು ಪಂಚೆ ಕೊಡವಿಕೊಂಡು ಎದ್ದು ಹೋಗುತ್ತಾರೆ. ಇನ್ನೊಬ್ಬರು ಎರಡು ಶಬ್ದ ಆಡಿದರೆ ಕೇಳಿದವರು ಪ್ರಾಣವನ್ನೇ ಮುಡಿಪಿಡುತ್ತಾರೆ. ಶಬ್ದಗಳು ಅವೇ, ವ್ಯಾಕರಣವೂ ಅದೇ. ಹಾಗಾದರೆ ಶಕ್ತಿ ಇರುವುದೆಲ್ಲಿ?

ನಮ್ಮ ಪ್ರಾಚೀನರು ವಾಕ್ಕಿಗೆ ನಾಲ್ಕು ಹಂತಗಳನ್ನು ಹೇಳಿದ್ದಾರೆ: ಪರಾ, ಪಶ್ಯಂತಿ, ಮಧ್ಯಮಾ, ವೈಖರಿ. ಮೂಲದಲ್ಲಿ ಹುಟ್ಟುವುದು ಪರಾ. ಅರ್ಥವು ಒಳಗಣ್ಣಿಗೆ ಕಾಣುವುದು ಪಶ್ಯಂತಿ. ಮನಸ್ಸಿನಲ್ಲಿ ಶಬ್ದರೂಪ ತಾಳುವುದು ಮಧ್ಯಮಾ. ಗಂಟಲು, ನಾಲಿಗೆ, ತುಟಿಗಳ ಮೂಲಕ ಹೊರಬಂದು ಕಿವಿಗೆ ಬೀಳುವುದು ವೈಖರಿ. ಇಂದು ನಾವು ‘ಅವರ ಮಾತಿನ ವೈಖರಿ ಎಷ್ಟು ಚೆಂದ’ ಎಂದು ಹೊಗಳುತ್ತೇವೆ. ನಾಲ್ಕು ಮೆಟ್ಟಿಲುಗಳಲ್ಲಿ ಕೊನೆಯದನ್ನು ಮಾತ್ರ ನೋಡಿ ಚಪ್ಪಾಳೆ ತಟ್ಟುತ್ತೇವೆ. ಗಂಟಲಿನಲ್ಲಿ ಹುಟ್ಟಿದ ಮಾತು ಕಿವಿಯವರೆಗೆ ಹೋಗಿ ನಿಲ್ಲುತ್ತದೆ. ಮೂಲದಿಂದ ಎದ್ದುಬಂದ ಮಾತು ಮಾತ್ರ ಕೇಳುವವನ ಮೂಲವನ್ನು ಮುಟ್ಟುತ್ತದೆ.

ಕಲ್ಯಾಣದಲ್ಲಿ ನಡೆದದ್ದು

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕತ್ತಿಯನ್ನು ಮಸೆಯಲಿಲ್ಲ, ಕೋಟೆಗೆ ಲಗ್ಗೆ ಹಾಕಲಿಲ್ಲ. ಅವರ ಕೈಯಲ್ಲಿದ್ದದ್ದು ಕನ್ನಡದ ನುಡಿ. ದೇವರೊಡನೆ ಮಾತಾಡಲು ಪಂಡಿತರ ಭಾಷೆಯೇ ಬೇಕೆಂದಿದ್ದ ಕಾಲದಲ್ಲಿ, ಹೊಲದಲ್ಲಿ, ಮಗ್ಗದ ಮನೆಯಲ್ಲಿ, ದೋಣಿಯಲ್ಲಿ ಆಡುವ ಮಾತನ್ನೇ ಅವರು ದೇವರ ಮುಂದಿಟ್ಟರು. ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆಯ ಹೊರೆ ಹೊತ್ತ ಮೋಳಿಗೆಯ ಮಾರಯ್ಯ, ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ಇವರೆಲ್ಲರಿಗೂ ಬಾಯಿ ಬಂತು. ಒಬ್ಬ ಮಹಾಪುರುಷ ಮಾತಾಡಿದ್ದು ಕಲ್ಯಾಣದ ಹೆಚ್ಚುಗಾರಿಕೆಯಲ್ಲ. ಅವರು ಮಾತಾಡಿದ ಮೇಲೆ, ತಲೆತಲಾಂತರದಿಂದ ಬಾಯಿ ಮುಚ್ಚಿದ್ದವರು ಮಾತಾಡತೊಡಗಿದ್ದೇ ನಿಜವಾದ ಕ್ರಾಂತಿ.

ಬಸವಣ್ಣನವರ ಮಾತಿಗೆ ಆ ಬಲ ಬಂದದ್ದು ಅವರು ಬಿಜ್ಜಳನ ಭಂಡಾರಿಯಾಗಿದ್ದುದರಿಂದಲ್ಲ. ಅರಸನ ಮಂತ್ರಿಯಾಗಿದ್ದವರು ಕೇರಿಯವರ ಮನೆಯಲ್ಲಿ ಕುಳಿತು ಉಂಡರು. ಕೇಳುವವರ ಕಿವಿಗೆ ಮಾತು ಬೀಳುವ ಮೊದಲೇ ಅವರ ಕಣ್ಣಿಗೆ ನಡೆ ಬಿದ್ದಿತ್ತು.

ಇದು ಎಂಟುನೂರು ವರ್ಷಗಳ ಹಿಂದಿನ ಮಾತು ಎಂದು ಯಾರಾದರೂ ಅಂದಾರು. ಆದ್ದರಿಂದ ನಮ್ಮ ತಂದೆ ತಾತಂದಿರ ಕಾಲದಲ್ಲಿಯೇ ನಡೆದ, ಲೆಕ್ಕ ಪತ್ರಗಳಲ್ಲಿ ದಾಖಲಾದ ಇನ್ನೊಂದು ನುಡಿಯನ್ನು ಇಲ್ಲಿ ವಿವರವಾಗಿ ಸ್ಮರಿಸಬೇಕೆನಿಸುತ್ತದೆ.

ಗೋವಾಲಿಯಾ ಕೆರೆಯ ಮೈದಾನದ ಮಂತ್ರ

1942ರ ಆಗಸ್ಟ್ 8. ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆ. ಮೌಲಾನಾ ಅಬುಲ್ ಕಲಾಂ ಆಜಾದರು ಅಧ್ಯಕ್ಷರು. ಆಂಗ್ಲರು ಭಾರತವನ್ನು ಬಿಟ್ಟು ತೊಲಗಬೇಕೆಂಬ ಗೊತ್ತುವಳಿಯನ್ನು ಜವಾಹರಲಾಲ ನೆಹರೂ ಮಂಡಿಸಿದರು, ಸರ್ದಾರ ಪಟೇಲರು ಅನುಮೋದಿಸಿದರು. ಗೊತ್ತುವಳಿ ಅಂಗೀಕಾರವಾದ ಮೇಲೆ ಮಹಾತ್ಮ ಗಾಂಧೀಜಿಯವರು ಎದ್ದರು. ಆಗ ಅವರಿಗೆ 72 ವರ್ಷ. ಗುಡುಗುವ ಕಂಠ ಅವರದಾಗಿರಲಿಲ್ಲ. ಕೈ ಬೀಸಿ, ಮೇಜು ಗುದ್ದಿ ಮಾತಾಡುವ ರೂಢಿಯೂ ಅವರಿಗಿರಲಿಲ್ಲ. ಮೊದಲು ಹಿಂದುಸ್ತಾನಿಯಲ್ಲಿ, ಅನಂತರ ಇಂಗ್ಲಿಷಿನಲ್ಲಿ ಮಾತಾಡಿದರು.

ಆ ಭಾಷಣದ ಮೊದಲ ಮಾತುಗಳನ್ನು ನೋಡಬೇಕು. ಗೊತ್ತುವಳಿಗೆ ಒಪ್ಪಿದವರನ್ನು ಅಭಿನಂದಿಸಿದ ಗಾಂಧೀಜಿ, ಅದನ್ನು ವಿರೋಧಿಸಿ ಮತ ನೀಡಿದ 13 ಮಂದಿಯನ್ನೂ ಅಭಿನಂದಿಸಿದರು. ದೇಶವೇ ಒಂದು ಕಡೆ ಹರಿಯುತ್ತಿರುವಾಗ ಎದುರು ನಿಂತವರ ಧೈರ್ಯವನ್ನು ಮೆಚ್ಚಿ, ಅವರು ನಾಚಬೇಕಾದದ್ದೇನೂ ಇಲ್ಲವೆಂದರು. ಬಂಡಾಯಕ್ಕೆ ಕರೆ ಕೊಡುವವನು ಮೊದಲು ತನಗೆ ಎದುರಾಡಿದವನನ್ನು ಗೌರವಿಸಿದ. ಇದನ್ನು ಇಂದಿನ ಭಾಷಣಕಾರರು ಗಮನಿಸಬೇಕು.

ಆ ಬಳಿಕ ಅವರು ಹೇಳಿದ್ದು ಅತ್ಯಂತ ಸರಳ. ಈ ಕ್ಷಣದಿಂದಲೇ ನಿಮ್ಮಲ್ಲಿ ಪ್ರತಿಯೊಬ್ಬರೂ ತಾನು ಸ್ವತಂತ್ರನೆಂದು ಭಾವಿಸಿ ನಡೆಯಿರಿ ಎಂದರು. ಸ್ವಾತಂತ್ರ್ಯವನ್ನು ಬೇರೆ ಯಾರೋ ತಂದು ಕೊಡುವವರೆಗೆ ಕಾಯಬೇಕಿಲ್ಲ, ಒಳಗೆ ಸ್ವತಂತ್ರನಾದವನನ್ನು ಯಾರೂ ದಾಸನನ್ನಾಗಿ ಇಡಲಾರರು ಎಂಬುದೇ ಅದರ ತಾತ್ಪರ್ಯ. ನಿಮಗೊಂದು ಪುಟ್ಟ ಮಂತ್ರ ಕೊಡುತ್ತೇನೆ, ಹೃದಯದಲ್ಲಿ ಬರೆದುಕೊಳ್ಳಿ ಎಂದು ‘ಮಾಡು ಇಲ್ಲವೆ ಮಡಿ’ ಎಂಬ ಮಾತನ್ನು ಕೊಟ್ಟರು.

ಅವರು ಅದನ್ನು ಘೋಷಣೆ ಎನ್ನಲಿಲ್ಲ, ಮಂತ್ರ ಎಂದರು. ನಮ್ಮ ಧರ್ಮದಲ್ಲಿ ಮಂತ್ರವು ಅಷ್ಟಾವರಣಗಳಲ್ಲಿ ಒಂದು. ಗುರುವು ಶಿಷ್ಯನ ಕಿವಿಯಲ್ಲಿ ಅದನ್ನು ಉಪದೇಶಿಸುತ್ತಾನೆ. ಆದರೆ ಯಾವ ಗುರುವೂ ಬರಿಯ ಮಂತ್ರವನ್ನು ಕೊಟ್ಟು ಕಳಿಸುವುದಿಲ್ಲ. ಮಂತ್ರದ ಜೊತೆಗೆ ಆಚಾರವನ್ನೂ ಕೊಡುತ್ತಾನೆ. ಗಾಂಧೀಜಿಯವರೂ ಕೊಟ್ಟರು. ಹೋರಾಟ ಈ ಗಳಿಗೆಯಲ್ಲಿ ಆರಂಭವಾಗುವುದಿಲ್ಲ, ನಾನು ಮೊದಲು ವೈಸ್‌ರಾಯರನ್ನು ಕಂಡು ಕೇಳಿಕೊಳ್ಳುತ್ತೇನೆ, ಅದಕ್ಕೆ ಎರಡು ಮೂರು ವಾರಗಳಾದರೂ ಹಿಡಿದೀತು, ಅಲ್ಲಿಯವರೆಗೆ ಚರಕ ನೂಲಿರಿ, ರಚನಾತ್ಮಕ ಕಾರ್ಯ ಮಾಡಿರಿ ಎಂದರು. ನಮ್ಮ ವಿರೋಧ ಆಂಗ್ಲ ಜನರೊಡನೆ ಅಲ್ಲ, ಅವರ ಆಳ್ವಿಕೆಯೊಡನೆ ಎಂದರು. ಅಹಿಂಸೆಯನ್ನು ಬಿಟ್ಟ ಸ್ವಾತಂತ್ರ್ಯ ತಮಗೆ ಬೇಡವೆಂಬುದನ್ನು ಅವರು ಅದಕ್ಕೂ ಮುಂಚೆ ನೂರಾರು ಸಲ ಹೇಳಿದ್ದರು.

ಆ ಎರಡು ಮೂರು ವಾರಗಳು ಬರಲೇ ಇಲ್ಲ. ಆಗಸ್ಟ್ 9ರ ಬೆಳಗು ಹರಿಯುವ ಮೊದಲೇ ಅವರ ಬಂಧನವಾಯಿತು. ಅವರನ್ನು ಪುಣೆಯ ಆಗಾಖಾನ್ ಅರಮನೆಯಲ್ಲಿ ಇರಿಸಲಾಯಿತು. ನೆಹರೂ, ಪಟೇಲ್, ಆಜಾದ್ ಮೊದಲಾದವರೆಲ್ಲ ಸೆರೆಯಾದರು. ಮಂತ್ರವು ಊರೂರಿಗೆ ಹಾರಿತು, ಆಚಾರವನ್ನು ಕಲಿಸಬೇಕಾದವರು ಸೆರೆಮನೆ ಸೇರಿದರು. 1942ರ ಬಂಡಾಯದ ಹಿರಿಮೆ, ನೋವು ಎರಡೂ ಈ ಒಂದು ಸಂಗತಿಯಲ್ಲಿ ಅಡಗಿವೆ ಎಂದು ನಾವು ಭಾವಿಸುತ್ತೇವೆ.

ಶರಣರ ಸೀಮೆಯ ಈಸೂರು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕು ಶರಣರ ತವರು. ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಅದೇ ತಾಲ್ಲೂಕಿನಲ್ಲಿವೆ. ಅರಸನ ಅರಮನೆಯನ್ನು ತೊರೆದು ಹೊರಟ ಒಬ್ಬ ಹೆಣ್ಣುಮಗಳು ನಡೆದಾಡಿದ ಆ ನೆಲದಲ್ಲಿಯೇ ಈಸೂರು ಎಂಬ ಹಳ್ಳಿಯಿದೆ. ಆಗ ಅದು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಮುಂಬಯಿಯ ಮೈದಾನ ಎಲ್ಲಿ, ಮಲೆನಾಡಿನ ಸೆರಗಿನ ಈ ಹಳ್ಳಿ ಎಲ್ಲಿ! ಆದರೂ ಆ ಮಾತು ಅಲ್ಲಿಗೆ ಬಂತು.

ಒಳಗೆ ಸ್ವತಂತ್ರನೆಂದು ಭಾವಿಸಿ ನಡೆಯಿರಿ ಎಂಬ ಮಾತನ್ನು ಈಸೂರಿನವರು ಅಕ್ಷರಶಃ ನಡೆಸಿದರು. 1942ರ ಸೆಪ್ಟೆಂಬರಿನಲ್ಲಿ ತಮ್ಮ ಊರು ಸ್ವತಂತ್ರವೆಂದು ಸಾರಿದರು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜವನ್ನು ಹಾರಿಸಿದರು. ಕಂದಾಯ ಕೊಡುವುದಿಲ್ಲವೆಂದರು. ಸರ್ಕಾರದ ಅಧಿಕಾರಿಗಳಿಗೆ ಊರಿನೊಳಗೆ ಪ್ರವೇಶವಿಲ್ಲವೆಂದರು. ಚಿಕ್ಕ ವಯಸ್ಸಿನ ಹುಡುಗರನ್ನೇ ತಮ್ಮ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಮಾತು ಅಂದಿನಿಂದ ಇಂದಿನವರೆಗೂ ನಾಡಿನ ನಾಲಿಗೆಯ ಮೇಲಿದೆ. ನಗರದ ಪದವೀಧರರು ಪುಸ್ತಕ ಓದಿ ಅರ್ಥಮಾಡಿಕೊಳ್ಳಬೇಕಾದದ್ದನ್ನು ನೇಗಿಲು ಹಿಡಿದವರು ಒಂದೇ ಮಾತಿನಲ್ಲಿ ಅರ್ಥಮಾಡಿಕೊಂಡರು. ಇದು ನುಡಿಯ ಶಕ್ತಿ.

ಸೆಪ್ಟೆಂಬರ್ 28ರಂದು ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಪೊಲೀಸರೊಡನೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಬೇಕೆಂದು ಜನ ಅವರನ್ನು ಒತ್ತಾಯಿಸಿದರು. ಮಾತಿಗೆ ಮಾತು ಬೆಳೆಯಿತು. ಲಾಠಿ, ಗುಂಡು, ಕಲ್ಲು, ದೊಣ್ಣೆಗಳ ನಡುವೆ ಆ ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಮುಂದಿನದು ಕಣ್ಣೀರಿನ ಕಥೆ. ಊರಿಗೆ ಸರ್ಕಾರದ ಪಡೆ ನುಗ್ಗಿತು. ಮನೆಗಳು ಹಾಳಾದವು. ಜನ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಕಾಡು ಸೇರಿದರು. ಹೆಂಗಸರೂ ಸೆರೆಮನೆ ಕಂಡರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು.

ಆ ಐವರ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ಅವರ ನೆತ್ತರಿನ ಋಣ ನಾಡಿನ ಮೇಲಿದೆ. ಹಾಗೆಂದು ಅಂದು ಸತ್ತ ಆ ಇಬ್ಬರು ಅಧಿಕಾರಿಗಳ ಮನೆಗಳಲ್ಲಿಯೂ ಹೆಂಡತಿ ಮಕ್ಕಳು ಕಾದು ಕುಳಿತಿದ್ದರೆಂಬುದನ್ನು ಧರ್ಮವು ಮರೆಯಲಾಗದು. ಅವರೂ ಕನ್ನಡದ ಮಕ್ಕಳೇ. ಈಸೂರಿನ ಮುಗ್ಧ ಜನರನ್ನು ದೂಷಿಸುವುದು ಸಲ್ಲದು. ಮಂತ್ರ ಬಂದಿತ್ತು, ಅದನ್ನು ಕೊಟ್ಟವರ ‘ತಡೆ, ನಿಲ್ಲು’ ಎಂಬ ಮಾತು ಬಂದು ತಲುಪಿರಲಿಲ್ಲ.

ಗಣಾಚಾರಕ್ಕೆ ಭೃತ್ಯಾಚಾರದ ಕಡಿವಾಣ

ನಮ್ಮ ಪೂರ್ವಾಚಾರ್ಯರು ಪಂಚಾಚಾರಗಳನ್ನು ಹೇಳುವಾಗ ಒಂದು ಕ್ರಮವನ್ನಿಟ್ಟಿದ್ದಾರೆ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ. ಗಣಾಚಾರವೆಂದರೆ ಧರ್ಮಕ್ಕೂ ಸತ್ಯಕ್ಕೂ ಅಪಮಾನವಾದಾಗ ಸಹಿಸದೆ ಎದ್ದು ನಿಲ್ಲುವುದು. ಬಂಡಾಯದ ಬೇರು ಇರುವುದು ಇಲ್ಲಿಯೇ. ಅನ್ಯಾಯವನ್ನು ಕಂಡೂ ಸುಮ್ಮನಿರುವವನು ಭಕ್ತನಲ್ಲವೆಂಬುದು ಇದರ ಅಭಿಪ್ರಾಯ. ಆದರೆ ಅದರ ಮುಂದಿನದು ಭೃತ್ಯಾಚಾರ: ನಾನು ಎಲ್ಲರಿಗಿಂತ ಕಿರಿಯನು, ಎಲ್ಲರ ಸೇವಕನು ಎಂಬ ವಿನಯ. ಎದ್ದು ನಿಂತವನು ಬಾಗುವುದನ್ನೂ ಕಲಿತಿರಬೇಕೆಂದೇ ಗಣಾಚಾರದ ಬೆನ್ನಿಗೆ ಭೃತ್ಯಾಚಾರವನ್ನು ಇಟ್ಟಂತಿದೆ. ಜನರನ್ನು ಎಬ್ಬಿಸುವ ಮಾತು ಗಣಾಚಾರವನ್ನು ಒಂದೇ ರಾತ್ರಿಯಲ್ಲಿ ಹುಟ್ಟಿಸಬಲ್ಲದು. ಭೃತ್ಯಾಚಾರಕ್ಕೆ ಮಾತ್ರ ವರ್ಷಗಳ ಸಾಧನೆ ಬೇಕು.

ಅದೇ ಕಾಲದ ಹಾವೇರಿ ಸೀಮೆಯ ಮೈಲಾರ ಮಹಾದೇವಪ್ಪನವರ ಬಾಳು ಈ ಸಾಧನೆಗೆ ನಿದರ್ಶನ. ಮೋಟೆಬೆನ್ನೂರಿನ ಈ ತರುಣ ಸಾಬರಮತಿ ಆಶ್ರಮ ಸೇರಿದರು. 1930ರಲ್ಲಿ ಸಾಬರಮತಿಯಿಂದ ದಂಡಿಯವರೆಗೆ ಸುಮಾರು 385 ಕಿಲೋಮೀಟರ್ ದೂರವನ್ನು ಗಾಂಧೀಜಿಯವರ ಹಿಂದೆ ಕಾಲ್ನಡಿಗೆಯಲ್ಲಿ ಕ್ರಮಿಸಿದರು. ಆ ಯಾತ್ರೆಯ ಮೊದಲ ತಂಡದಲ್ಲಿದ್ದ ಏಕೈಕ ಕನ್ನಡಿಗರು ಅವರು. ಊರಿಗೆ ಮರಳಿ ಖಾದಿ, ಗ್ರಾಮಸೇವೆಗಳಲ್ಲಿ ತೊಡಗಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರ್ಕಾರವು ರೈತರಿಂದ ವಸೂಲು ಮಾಡಿ ಇಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಎದೆಯೊಡ್ಡಿ ಮಡಿದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಸಂಗಾತಿಗಳೂ ಅವರೊಡನೆ ಹುತಾತ್ಮರಾದರು. ‘ಮಾಡು ಇಲ್ಲವೆ ಮಡಿ’ ಎಂಬ ನುಡಿ ಮಹಾದೇವಪ್ಪನವರ ಕಿವಿಗೆ ಬಿದ್ದದ್ದು 1942ರಲ್ಲಿ. ಅದಕ್ಕೆ ಬೇಕಾದ ನೆಲವನ್ನು ಅವರು ಹನ್ನೆರಡು ವರ್ಷಗಳಿಂದ ಉತ್ತು ಹದಮಾಡಿದ್ದರು.

ಮಾತಿಗೆ ಒಡೆಯನಿರಬೇಕು

ಜನರನ್ನು ಎಬ್ಬಿಸಿದವನಿಗೆ ಒಂದು ಋಣವಿದೆ. ತನ್ನ ಮಾತಿನಿಂದ ನಡೆದದ್ದಕ್ಕೆಲ್ಲ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ, ಉತ್ತರ ಹೇಳುವ ಋಣ. 1922ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಚೌರಿಚೌರಾದಲ್ಲಿ ಕೆರಳಿದ ಗುಂಪು ಪೊಲೀಸ್ ಠಾಣೆಗೆ ಬೆಂಕಿಯಿಟ್ಟು 22 ಪೊಲೀಸರು ಸತ್ತಾಗ, ಗಾಂಧೀಜಿ ದೇಶವ್ಯಾಪಿ ಚಳವಳಿಯನ್ನೇ ನಿಲ್ಲಿಸಿ ಐದು ದಿನ ಉಪವಾಸ ಮಾಡಿದರು. ಗೆಲುವು ಕೈಗೆ ಬರುವಂತಿರುವಾಗ ನಿಲ್ಲಿಸಿದಿರೇಕೆ ಎಂದು ಹತ್ತಿರದವರೇ ಅಸಮಾಧಾನಪಟ್ಟರು. ಆದರೆ ತಮ್ಮ ನುಡಿಯ ಹೆಸರಿನಲ್ಲಿ ನಡೆದ ತಪ್ಪು ತಮ್ಮದೂ ಹೌದೆಂದು ಅವರು ಬಗೆದರು. ಅಂದು ಅವರು ಹೊರಗಿದ್ದರು, ತಡೆದರು. 1942ರಲ್ಲಿ ಒಳಗಿದ್ದರು, ತಡೆಯಲಾಗಲಿಲ್ಲ. ನಾಯಕರನ್ನು ಸೆರೆಯಲ್ಲಿಟ್ಟರೆ ಬಂಡಾಯ ಅಡಗುತ್ತದೆಂದು ಸರ್ಕಾರ ಎಣಿಸಿತು. ಬಂಡಾಯ ಅಡಗಲಿಲ್ಲ, ಬಂಡಾಯಕ್ಕಿದ್ದ ಲಗಾಮು ಮಾತ್ರ ಕಳಚಿತು.

ಕಲ್ಯಾಣದ ಕಥೆಯೂ ಇದನ್ನೇ ಹೇಳುತ್ತದೆ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾದದ್ದು ಶರಣರ ನುಡಿ ನಡೆಯಾದ ಗಳಿಗೆ. ಸಿಂಹಾಸನ ಅದನ್ನು ಸಹಿಸಲಿಲ್ಲ. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಆ ಬಳಿಕ ಕಲ್ಯಾಣದಲ್ಲಿ ಬಿಜ್ಜಳನ ಕೊಲೆಯಾಗಿ ನೆತ್ತರು ಹರಿಯಿತು ಎಂದು ಪರಂಪರೆ ಹೇಳುತ್ತದೆ. ಉಳಿದ ಶರಣರು ಚನ್ನಬಸವಣ್ಣನವರೊಡನೆ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನತ್ತ ನಡೆದರು. ಕೊಲೆಯಿಂದ ಕಲ್ಯಾಣ ಉಳಿಯಲಿಲ್ಲ. ಉಳಿದದ್ದು ಕಾಡಿಗೆ ಹೊತ್ತೊಯ್ದ ಆ ತಾಳೆಗರಿಗಳು. ಕತ್ತಿ ಎತ್ತಿದವರ ಹೆಸರನ್ನು ಇಂದು ಯಾರೂ ಮಕ್ಕಳಿಗೆ ಇಡುವುದಿಲ್ಲ. ನುಡಿದಂತೆ ನಡೆದವರ ಹೆಸರು ಮನೆಮನೆಯಲ್ಲಿದೆ.

ಇಂದಿನ ಕಿಡಿಗಳು

ಅಂದು ಒಂದು ಮಾತು ಮುಂಬಯಿಯಿಂದ ಈಸೂರಿಗೆ ಬರಲು ಜನರ ಕಾಲುಗಳು ಬೇಕಾಗಿದ್ದವು, ಗುಟ್ಟಾಗಿ ಹಂಚಿದ ಕರಪತ್ರಗಳು ಬೇಕಾಗಿದ್ದವು. ಇಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮೊಬೈಲಿನ ಮೂಲಕ ಲಕ್ಷ ಜನರಿಗೆ ಮಾತು ತಲುಪುತ್ತದೆ. ಆಡಿದವನು ಯಾರು, ಅವನ ನಡೆ ಎಂಥದು, ನಾಳೆ ಉತ್ತರ ಹೇಳಲು ಅವನು ಸಿಗುತ್ತಾನೆಯೇ ಎಂದು ಯಾರೂ ಕೇಳುವುದಿಲ್ಲ. ಒಡೆಯನಿಲ್ಲದ ಮಾತು ಊರಿಗೆ ಬಿದ್ದ ಬೆಂಕಿ. ಹಚ್ಚಿದವನು ದೂರದಲ್ಲಿ ಬೆಚ್ಚಗಿರುತ್ತಾನೆ, ಸುಟ್ಟುಕೊಳ್ಳುವವರು ಬಡವರ ಮಕ್ಕಳು.

ಒಮ್ಮೆ ಶ್ರಾವಣ ಮಾಸದಲ್ಲಿ ಓದಿದ ತರುಣನೊಬ್ಬ ಮಠಕ್ಕೆ ಬಂದಿದ್ದ. ಅವನ ಊರಿನ ಚಹಾದಂಗಡಿಯಲ್ಲಿ ಕೇರಿಯವರಿಗೆ ಇನ್ನೂ ಬೇರೆ ಲೋಟ. ‘ಬುದ್ಧೀ, ಜಾತ್ರೆಯ ದಿನ ಮೈಕಿನಲ್ಲಿ ಮಾತಾಡಬೇಕೆಂದಿದ್ದೇನೆ. ಹೇಗೆ ಮಾತಾಡಿದರೆ ಊರು ಎದ್ದೀತು, ಹೇಳಿಕೊಡಿ’ ಎಂದ. ಅವನ ಕಣ್ಣಿನಲ್ಲಿ ಸಿಟ್ಟಿತ್ತು, ಆ ಸಿಟ್ಟು ನ್ಯಾಯವಾದದ್ದೇ. ‘ನಿಮ್ಮ ಹೊಲಕ್ಕೆ ಕೂಲಿಗೆ ಬರುವವರಿಗೆ ನಿಮ್ಮ ಮನೆಯಲ್ಲಿ ಯಾವ ಲೋಟದಲ್ಲಿ ನೀರು ಕೊಡುತ್ತೀರಪ್ಪ?’ ಎಂದು ಕೇಳಿದೆವು. ತಲೆ ತಗ್ಗಿಸಿದ. ‘ಮೊದಲು ಅದನ್ನು ಸರಿಮಾಡು. ಆಮೇಲೆ ನೀನು ಮೈಕು ಹಿಡಿಯದಿದ್ದರೂ ಊರು ಕೇಳುತ್ತದೆ’ ಎಂದೆವು.

ಕೆಲವು ತಿಂಗಳ ಬಳಿಕ ಮತ್ತೆ ಬಂದ. ಮನೆಯಲ್ಲಿ ತಾಯಿ ವಾರಗಟ್ಟಲೆ ಮಾತು ಬಿಟ್ಟಿದ್ದರಂತೆ. ಕೊನೆಗೊಂದು ದಿನ ಕೂಲಿಗೆ ಬಂದ ಹೆಣ್ಣುಮಗಳಿಗೆ ಆ ತಾಯಿಯೇ ಮನೆಯ ಲೋಟದಲ್ಲಿ ಮಜ್ಜಿಗೆ ಕೊಟ್ಟರಂತೆ. ‘ಅಂಗಡಿಯ ಲೋಟ ಇನ್ನೂ ಬದಲಾಗಿಲ್ಲ ಬುದ್ಧೀ. ಆದರೆ ನಾವು ಐದು ಮನೆಯವರು ಆ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದೇವೆ’ ಎಂದ. ಊರು ಪೂರ್ತಿ ಎದ್ದಿಲ್ಲ ನಿಜ. ಆದರೆ ಐದು ಮನೆಗಳು ಎದ್ದಿವೆ. ಯಾರ ತಲೆಯೂ ಒಡೆದಿಲ್ಲ. ಆ ಅಂಗಡಿಯವನು ಲೆಕ್ಕ ಹಾಕುವ ದಿನ ದೂರವಿಲ್ಲವೆಂದು ನಮ್ಮ ನಂಬಿಕೆ.

ಸದ್ಭಕ್ತರೇ, ಮಾತಾಡುವವರಿಗೆ ಮೂರು ಪರೀಕ್ಷೆಗಳಿವೆ. ನಾನು ಹೇಳುತ್ತಿರುವುದನ್ನು ನನ್ನ ಮನೆಯಲ್ಲಿ ನಡೆಸಿದ್ದೇನೆಯೇ? ನನಗೆ ಎದುರಾಡುವವನನ್ನು ಗೌರವಿಸಬಲ್ಲೆನೇ? ನನ್ನ ಮಾತಿನಿಂದ ಕೇಡಾದರೆ ಮುಂದೆ ಬಂದು ನಿಂತು ತಡೆಯಬಲ್ಲೆನೇ? ಈ ಮೂರಕ್ಕೂ ಹೌದೆಂದು ಹೇಳಲಾಗದವನು ಜನರನ್ನು ಎಬ್ಬಿಸುವ ಮೊದಲು ತಾನೇ ಎಚ್ಚರಗೊಳ್ಳುವುದು ಲೇಸು.

ಕೇಳುವವರಿಗೂ ಒಂದು ಪರೀಕ್ಷೆಯಿದೆ. ಯಾವ ಮಾತು ನಮ್ಮಿಂದ ತ್ಯಾಗವನ್ನು ಕೇಳುತ್ತದೆಯೋ ಅದನ್ನು ಗಮನವಿಟ್ಟು ಕೇಳಿರಿ. ಯಾವ ಮಾತು ಇನ್ನೊಬ್ಬರ ಮೇಲಿನ ದ್ವೇಷವನ್ನು ಮಾತ್ರ ಕೇಳುತ್ತದೆಯೋ ಅಲ್ಲಿಂದ ಎದ್ದು ಬನ್ನಿರಿ. ದೊಡ್ಡ ನುಡಿಯು ನಮ್ಮನ್ನು ನಮ್ಮ ಅಂಜಿಕೆಯಿಂದ, ಸೋಮಾರಿತನದಿಂದ, ನಮ್ಮೊಳಗಿನ ಮೇಲು ಕೀಳಿನಿಂದ ಬಿಡಿಸುತ್ತದೆ. ಸಣ್ಣ ನುಡಿಯು ನಮ್ಮ ತಪ್ಪನ್ನೆಲ್ಲ ಪಕ್ಕದ ಮನೆಯವನ ಹೆಗಲಿಗೆ ಹೊರಿಸಿ ನಮ್ಮ ಕೈಗೆ ಕಲ್ಲು ಕೊಡುತ್ತದೆ.

ಅನ್ಯಾಯವನ್ನು ಕಂಡು ಸುಮ್ಮನಿರಬೇಡಿರಿ. ಮೌನ ಬಂಗಾರವೆಂಬ ಗಾದೆ ಜಗಳಗಂಟರಿಗೆ ಹೇಳಿದ್ದು, ನೊಂದವರಿಗೆ ಹೇಳಿದ್ದಲ್ಲ. ನಿಮ್ಮ ನುಡಿಯಲ್ಲಿ ಕಿಡಿ ಇರಲಿ. ಆ ಕಿಡಿಯಿಂದ ನಡೆಯ ದೀಪ ಹೊತ್ತಲಿ. ದೀಪಕ್ಕೆ ವಿನಯದ ಎಣ್ಣೆ ಇರಲಿ, ವಿವೇಕದ ಮರೆ ಇರಲಿ. ಅಂಥ ದೀಪಗಳು ಮನೆಮನೆಯಲ್ಲಿ ಬೆಳಗಿ, ನಾಡಿನ ಕತ್ತಲೆ ಕಳೆಯಲಿ ಎಂದು ಹಾರೈಸುತ್ತೇವೆ. ಸರ್ವರಿಗೂ ಸನ್ಮಂಗಳವಾಗಲಿ.